ಹಳಿಯ ಮೇಲೆ ಬಿದ್ದ ಎಲೆ

ಇವತ್ತು ನಿಮ್ಮೊಡನೆ ರೈಲಿನ ವಿಷಯ ಮಾತಾಡೋಣ ಅಂತಿದ್ದೇನೆ.

ಮುಂಬಯಿಯಲ್ಲಿ ಲೋಕಲ್ ತಡವಾದರೆ ಕಾರಣ ಕೇಳುವ ಗೋಜಿಗೆ ನಾವು ಹೋಗುವುದಿಲ್ಲ. ಮಳೆಗಾಲವಾದರೆ ಹಳಿಯ ಮೇಲೆ ನೀರು, ಉಳಿದ ದಿನ ಸಿಗ್ನಲ್ ಕೆಟ್ಟಿದೆ, ಇಲ್ಲವೇ ಮೇಲಿನ ತಂತಿ ಹರಿದಿದೆ. ಇಂಗ್ಲೆಂಡಿನಲ್ಲಿರುವ ನನ್ನ ಮಗಳು ಅಲ್ಲಿಗೆ ಹೋದ ಮೊದಲ ವರ್ಷ, ಅಕ್ಟೋಬರಿನಲ್ಲಿ ಫೋನು ಮಾಡಿ, "ಅಪ್ಪಾ, ಇವತ್ತು ಆಫೀಸಿಗೆ ನಲವತ್ತು ನಿಮಿಷ ತಡ. ಹಳಿಯ ಮೇಲೆ ಎಲೆ ಬಿದ್ದಿತ್ತಂತೆ" ಅಂದಳು. ನಾನು ಜೋರಾಗಿ ನಕ್ಕುಬಿಟ್ಟೆ. ನೂರಾರು ಟನ್ ತೂಕದ ಗಾಡಿ ಒಂದು ಎಲೆಗೆ ಹೆದರುವುದೇ? ಅಲ್ಲಿಯ ಜನರಿಗೂ ಇದೊಂದು ಹಳೆಯ ತಮಾಷೆಯೇ ಅಂತೆ. ಆದರೆ ಓದುತ್ತಾ ಹೋದ ಮೇಲೆ ನನ್ನ ನಗು ನಿಂತಿತು.

ರೈಲಿನ ಚಕ್ರವೂ ಉಕ್ಕು, ಹಳಿಯೂ ಉಕ್ಕು. ಎರಡೂ ಮುಟ್ಟುವ ಜಾಗ ಒಂದು ನಾಣ್ಯದಷ್ಟು ಅಗಲವೂ ಇರುವುದಿಲ್ಲ. ಗಾಡಿ ಹೊರಡುವುದು, ನಿಲ್ಲುವುದು ಎಲ್ಲವೂ ಆ ಅಂಗೈಯೊಳಗಿನ ಜಾಗದ ಹಿಡಿತದ ಮೇಲೆಯೇ. ಹಳಿಯ ಮೇಲೆ ಬಿದ್ದ ಒದ್ದೆ ಎಲೆಯನ್ನು ಚಕ್ರಗಳು ಒಂದರ ಹಿಂದೊಂದು ಅರೆಯುತ್ತವೆ. ಅದು ಮೊದಲು ಚಟ್ನಿಯಂತಾಗಿ, ಆಮೇಲೆ ಒತ್ತಿ ಒತ್ತಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ನಮ್ಮ ಅಡುಗೆಮನೆಯ ನಾನ್‌ಸ್ಟಿಕ್ ಕಾವಲಿಯ ಮೈ ಇದ್ದಂತೆ. ಒಣಗಿದ್ದಾಗ ಉಜ್ಜಿದರೂ ಏಳುವುದಿಲ್ಲ. ಸ್ವಲ್ಪ ಇಬ್ಬನಿಯೋ ತುಂತುರು ಹನಿಯೋ ಬಿತ್ತೆಂದರೆ ಸಾಬೂನು.

ಆ ಕಪ್ಪು ಎಲ್ಲಿಂದ ಬಂತು? ಶೆಫೀಲ್ಡ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಎಲೆಯಲ್ಲಿರುವ ಟ್ಯಾನಿನ್, ಅಂದರೆ ಒಗರು, ಹಳಿಯ ಕಬ್ಬಿಣದೊಡನೆ ಸೇರಿ ಈ ಪದರ ಹುಟ್ಟುತ್ತದೆ ಎಂದರು. ನಮ್ಮ ಮನೆಯ ಹೆಂಗಸರಿಗೆ ಇದು ಹೊಸ ಸಂಗತಿಯಲ್ಲ. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಅಲಗು ಕಪ್ಪಾಗುವುದನ್ನು ಅವರು ದಿನಾ ನೋಡಿದ್ದಾರೆ. ಹಿಂದೆ ಅಣಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ.

ಈಗ ಆ ವಿಶೇಷ ಗಾಡಿಗಳ ಕಥೆ. ಬ್ರಿಟನ್ನಿನ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ಅಕ್ಟೋಬರಿನಿಂದ ಡಿಸೆಂಬರ್ ನಡುವಿನವರೆಗೆ ಹಳಿ ತೊಳೆಯುವ ರೈಲುಗಳನ್ನೇ ಓಡಿಸುತ್ತದೆ. ಪ್ರಯಾಣಿಕರಿಲ್ಲ, ಸರಕೂ ಇಲ್ಲ. ಹಲವು ಗಾಡಿಗಳಿಗೆ ಎರಡು ತುದಿಯಲ್ಲೂ ಎಂಜಿನ್, ನಡುವೆ ನೀರಿನ ಟ್ಯಾಂಕುಗಳು. ತಳದ ನಳಿಕೆಗಳಿಂದ ಹಳಿಯ ತಲೆಯ ಮೇಲೆ ನೀರು ಚಿಮ್ಮುತ್ತದೆ. ಅದರ ಒತ್ತಡ 1500 ಬಾರ್‌ವರೆಗೆ ಇರುತ್ತದೆ. ನಿಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಗಂಟೆಗೆ ತೊಂಬತ್ತಾರು ಕಿಲೋಮೀಟರ್‌ವರೆಗಿನ ವೇಗದಲ್ಲಿ ಓಡುತ್ತಲೇ ಈ ನೀರು ಕಪ್ಪು ಪದರವನ್ನು ಕಿತ್ತು ಹಾಕುತ್ತದೆ. ಅದರ ಹಿಂದೆಯೇ ಬೇಕಾದ ಕಡೆ ಸ್ಯಾಂಡೈಟ್ ಎಂಬ ಲೇಪ ಬಳಿಯುತ್ತಾರೆ: ಮರಳು, ಅಲ್ಯೂಮಿನಿಯಮ್, ಅಂಟು. ಮರಳು ಚಕ್ರಕ್ಕೆ ಹಿಡಿತ ಕೊಡುತ್ತದೆ, ಅಂಟು ಮರಳನ್ನು ಹಿಡಿದಿಡುತ್ತದೆ. ರಾತ್ರಿ ತೊಳೆದು ಬಂದ ಹಳಿಯ ಮೇಲೆ ಬೆಳಗಾಗುವುದರೊಳಗೆ ಮತ್ತೆ ಎಲೆ. ಅಂಗಳ ಗುಡಿಸಿದ ಹಾಗೆ, ಮುಗಿಯುವ ಕೆಲಸವಲ್ಲ.

ಹಾಗಾದರೆ ಹಿಂದೆ ಈ ಪಾಡು ಇಷ್ಟಿರಲಿಲ್ಲವೇ? ಉಗಿಬಂಡಿಗಳ ಕಾಲದಲ್ಲಿ ಎಂಜಿನ್ನಿನ ಕಿಡಿ ಬಿದ್ದು ಬೆಂಕಿ ಹತ್ತೀತೆಂದು ಹಳಿಯ ಪಕ್ಕದ ಗಿಡಗಂಟಿಗಳನ್ನು ಗ್ಯಾಂಗಿನವರು ಸವರಿಬಿಡುತ್ತಿದ್ದರು. 1968ರಲ್ಲಿ ಬ್ರಿಟಿಷ್ ರೈಲಿನಲ್ಲಿ ಉಗಿಬಂಡಿ ನಿಂತಿತು, ಸವರುವುದೂ ಕಡಿಮೆಯಾಯಿತು, ಮರಗಳು ಬೆಳೆದವು. ಇನ್ನೊಂದು ಕಾರಣ ಬ್ರೇಕು. ಹಳೆಯ ಬ್ರೇಕಿನ ಕಟ್ಟೆ ಚಕ್ರದ ಅಂಚನ್ನೇ ಉಜ್ಜಿ ಅಲ್ಲಿ ಅಂಟಿದ್ದನ್ನು ಕೆರೆದು ತೆಗೆಯುತ್ತಿತ್ತು. ಹೊಸ ಡಿಸ್ಕ್ ಬ್ರೇಕು ಚಕ್ರದ ಅಂಚನ್ನು ಮುಟ್ಟುವುದೇ ಇಲ್ಲ. ಸುಧಾರಣೆಯೇ ಕೆಲವೊಮ್ಮೆ ಹೊಸ ತೊಂದರೆ ತರುತ್ತದೆ, ಏನು ಮಾಡುವುದು.

ತಡವಾಗುವುದು ದೊಡ್ಡ ಮಾತಲ್ಲ. 2021ರ ಅಕ್ಟೋಬರ್ 31, ಭಾನುವಾರ ಸಂಜೆ. ಸಾಲ್ಸ್‌ಬರಿಯ ಹತ್ತಿರ ಲಂಡನ್ನಿಗೆ ಹೊರಟಿದ್ದ ಗಾಡಿ ಕೆಂಪು ಸಿಗ್ನಲ್ಲಿನಲ್ಲಿ ನಿಲ್ಲಬೇಕಿತ್ತು. ಚಾಲಕ ಬ್ರೇಕು ಹಾಕಿದ; ಚಕ್ರಗಳು ಜಾರಿದವು. ಗಾಡಿ ಸಿಗ್ನಲ್ ದಾಟಿ ಹೋಗಿ ಇನ್ನೊಂದು ರೈಲಿನ ಪಕ್ಕಕ್ಕೆ ಬಡಿಯಿತು. ಎರಡೂ ಫಿಷರ್ಟನ್ ಸುರಂಗದೊಳಗೆ ನುಗ್ಗಿ ನಿಂತವು. ಯಾರೂ ಸಾಯಲಿಲ್ಲ, ಆದರೆ ಚಾಲಕನಿಗೆ ತೀವ್ರ ಪೆಟ್ಟಾಯಿತು, ಹದಿಮೂರು ಪ್ರಯಾಣಿಕರು ಆಸ್ಪತ್ರೆ ಸೇರಿದರು. ಹಳಿಯ ಮೇಲಿನ ಎಲೆಯ ಪದರವೂ ಮಳೆಯ ಹನಿಯೂ ಸೇರಿ ಹಿಡಿತ ತಪ್ಪಿತ್ತೆಂದು ತನಿಖೆ ಹೇಳಿತು. ಅಂಥ ಹಳಿಗೆ ಬ್ರೇಕು ಹಾಕಿದ್ದು ತಡವಾಯಿತು ಎಂದೂ ಹೇಳಿತು. ಮೂರು ವರ್ಷದ ಮೇಲೆ, 2024ರ ಅಕ್ಟೋಬರ್ 21ರಂದು, ವೇಲ್ಸ್‌ನ ಟಲೆರ್‌ಡಿಗ್ ಬಳಿ ಒಂಟಿ ಹಳಿಯ ಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ಎದುರಿನ ಗಾಡಿಗಾಗಿ ಕಾಯಬೇಕಿದ್ದ ಗಾಡಿ ಜಾರಿ ಮುಂದೆ ಹೋಗಿತ್ತು. ಅದರ ಮರಳು ಉದುರಿಸುವ ಕೊಳವೆಗಳು ಕಟ್ಟಿಕೊಂಡಿದ್ದುದು ಮೊದಲ ಪರಿಶೀಲನೆಯಲ್ಲೇ ಕಂಡಿತು. ಒಬ್ಬ ಪ್ರಯಾಣಿಕ ತೀರಿಕೊಂಡ. ಆ ಸುದ್ದಿ ಓದಿದ ದಿನ ಮಗಳಿಗೆ ನಾನೇ ಫೋನು ಮಾಡಿದೆ.

ನಮ್ಮಲ್ಲೇಕೆ ಈ ಮಾತು ಕೇಳುವುದಿಲ್ಲ? ಇಂಗ್ಲಿಷಿನ 'ಆಟಮ್' ಅನ್ನು ನಾವು ಶರತ್ಕಾಲ ಎಂದು ಬರೆಯುತ್ತೇವೆ. ಆದರೆ ನಮ್ಮ ಶರತ್ಕಾಲದಲ್ಲಿ, ಅಂದರೆ ನವರಾತ್ರಿ ದೀಪಾವಳಿಯ ಹೊತ್ತಿಗೆ, ಗಿಡಮರ ಹಸಿರಾಗಿಯೇ ಇರುತ್ತವೆ. ನಮ್ಮ ಎಲೆ ಉದುರುವುದು ಶಿಶಿರದಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಆಗ ಗಾಳಿ ಒಣಗಿರುತ್ತದೆ, ತರಗೆಲೆ ಸದ್ದು ಮಾಡಿಕೊಂಡು ಹಾರಿಹೋಗುತ್ತದೆ. ಅವರಿಗೆ ಎಲೆ ಉದುರುವುದೂ ಮಳೆ, ಮಂಜು ಬರುವುದೂ ಒಂದೇ ಹೊತ್ತಿಗೆ.

ಹಾಗೆಂದು ನಮ್ಮ ಗಾಡಿಗಳು ಜಾರುವುದಿಲ್ಲ ಎಂದಲ್ಲ. ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸುವುದನ್ನು ಪುಣೆ ಕಡೆಗೆ ಹೋಗುವವರು ನೋಡಿರುತ್ತೀರಿ. ಅಲ್ಲಿಯ ಘಾಟಿಯೂ, ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿಯೂ 37 ಅಡಿಗೆ ಒಂದು ಅಡಿ ಏರುವಷ್ಟು ಕಡಿದು. ಮಳೆಗಾಲದಲ್ಲಿ ಅಲ್ಲಿ ಚಕ್ರ ಸುಮ್ಮನೆ ತಿರುಗಿದರೆ ಚಾಲಕ ಗುಂಡಿ ಒತ್ತುತ್ತಾನೆ. ಎಂಜಿನ್ನಿನ ಪೆಟ್ಟಿಗೆಯಿಂದ ಚಕ್ರದ ಮುಂದೆ ಮರಳು ಬೀಳುತ್ತದೆ. ಮುಂದಿನ ಸಲ ಪ್ಲಾಟ್‌ಫಾರಮ್ಮಿನಲ್ಲಿ ಎಂಜಿನ್ ಹತ್ತಿರ ನಿಂತಾಗ ಬಗ್ಗಿ ನೋಡಿ. ಚಕ್ರದ ಪಕ್ಕ ಹಳಿಯತ್ತ ಬಾಗಿದ ಸಣ್ಣ ಕೊಳವೆ ಕಾಣುತ್ತದೆ, ಅದೇ ಅದು.

ಮಗಳು ಈಗ ಅಕ್ಟೋಬರಿನಲ್ಲಿ ಮನೆಯಿಂದ ಒಂದು ಗಾಡಿ ಮೊದಲೇ ಹೊರಡುತ್ತಾಳೆ. ಹೋದ ವರ್ಷ ಬೆಳಗಿನ ಜಾವ ನಿಲ್ದಾಣದಲ್ಲಿ ನಿಂತಿದ್ದಾಗ ಆ ತೊಳೆಯುವ ಗಾಡಿ ನೀರು ಚಿಮ್ಮಿಸುತ್ತಾ ಹಾದುಹೋಯಿತಂತೆ. "ಸದ್ದು ಎಷ್ಟಿತ್ತು ಗೊತ್ತಾ ಅಪ್ಪಾ, ಎಲ್ಲರೂ ಹಿಂದಕ್ಕೆ ಸರಿದೆವು" ಅಂದಳು. ನಾನು ಈ ಸಲ ನಗಲಿಲ್ಲ.