ನಮ್ಮ ಲೆಕ್ಕ ಯಾರ ಪುಸ್ತಕದಲ್ಲಿದೆ?

(ಗೌರಿಬಿದನೂರಿನಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತನಾಡಲಿರುವ ವಿಷಯಕ್ಕೆ ಪತ್ರಿಕೆಗಳು ಖಾಸಗಿತನ ಎಂದು ಹೆಸರಿಟ್ಟಿವೆ. ಹೆಸರು ಕೇಳಿದೊಡನೆ ನಿಮ್ಮಲ್ಲಿ ಕೆಲವರು, ಇದು ಬಂಗಲೆಯವರ ಚಿಂತೆ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ನಮಗೆ ಇದರಿಂದೇನು ಎನ್ನಬಹುದು. ಹಾಗೆನ್ನುವವರು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ನೆನೆಯಬೇಕು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಕೂಗುವುದುಂಟೆ? ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಮಾತು ಮುಗಿಸುತ್ತಾರೆ. ಬೆಲೆ ಪಕ್ಕದವನಿಗೆ ತಿಳಿದರೆ ಮುಂದಿನ ವ್ಯಾಪಾರ ಕೆಡುತ್ತದೆಂಬುದು ಅಕ್ಷರ ಬಾರದ ರೈತನಿಗೂ ಗೊತ್ತು. ಮತಗಟ್ಟೆಯಲ್ಲಿ ಮರೆ ಕಟ್ಟುವುದೂ ಇಂಥದೇ ಕಾರಣಕ್ಕೆ. ಆ ಮರೆಯಿಲ್ಲದಿದ್ದರೆ ಜಮೀನುದಾರನ ಎದುರಿಗೆ ಕೂಲಿಯವನು ತನ್ನ ಮನಸ್ಸಿನಂತೆ ಮತ ಹಾಕುವುದು ಹೇಗೆ? ಹಣವಂತನಿಗೆ ಕಾಂಪೌಂಡಿನ ಗೋಡೆಯಿದೆ, ವಕೀಲನಿದ್ದಾನೆ. ಕಾನೂನಿನ ಮರೆ ಬೇಕಾಗಿರುವುದು ಇವೆರಡೂ ಇಲ್ಲದವರಿಗೆ.

2025ರ ಜುಲೈ ತಿಂಗಳಲ್ಲಿ ನಡೆದದ್ದನ್ನು ವ್ಯಾಪಾರಿ ಮಿತ್ರರು ಮರೆತಿರಲಾರರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಸೇವೆ ನಡೆಸುವ ಕಂಪನಿಗಳಿಂದ 2021–22ರಿಂದ 2024–25ರವರೆಗಿನ ಲೆಕ್ಕವನ್ನು ತರಿಸಿಕೊಂಡರು. ಸರಕು ಮಾರುವವರಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಲ್ಲಿ 20 ಲಕ್ಷ ಮೀರಿ ಹಣ ಬಂದವರನ್ನು ಹೆಕ್ಕಿ ನೋಟೀಸು ಕಳಿಸಿದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ ಒಂದು ಕೋಟಿ 63 ಲಕ್ಷದ ವಹಿವಾಟಾಗಿದೆ, 29 ಲಕ್ಷ ತೆರಿಗೆ ಕಟ್ಟು ಎಂದು ಬಂತು. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲವೆಂಬುದು ಆ ಕಾಗದ ಬರೆದವರಿಗೆ ತಿಳಿಯದ ವಿಷಯವೆ! ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸು ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಎದ್ದವು. ಬಂದ್ ಮಾಡುವೆವೆಂದು ವ್ಯಾಪಾರಿಗಳು ಒಗ್ಗಟ್ಟಾಗಿ ನಿಂತ ಮೇಲೆ, ಜುಲೈ 23ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಅವರನ್ನು ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು.

ತೆರಿಗೆ ಕಟ್ಟಬೇಡಿ ಎಂದು ನಾವು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ ನಡೆಯುವುದು ತೆರಿಗೆಯಿಂದಲೇ. ನಾವು ಕೇಳುವುದು ಬೇರೆ. ಶೆಟ್ಟರ ಅಂಗಡಿಯಲ್ಲಿ ಸಾಲದ ಪುಸ್ತಕವಿರುತ್ತದಲ್ಲ, ಅದರಲ್ಲಿ ನಮ್ಮ ಹೆಸರಿನ ಪುಟವನ್ನು ತಿರುವಿ ತೋರಿಸಿ ಸ್ವಾಮಿ ಎಂದು ಕೇಳಬಹುದು. ಬೆಲ್ಲ ತಂದದ್ದು ಒಂದು ಸಲ, ಬರೆದದ್ದು ಎರಡು ಸಲವಾಗಿದ್ದರೆ ಅಲ್ಲೇ ಜಗಳವಾಡಬಹುದು. ಈಗಿನ ಪುಸ್ತಕ ಹಾಗಲ್ಲ. ಚಿಂತಾಮಣಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ಫೋನಿನಿಂದ ಹಣ ಕಳಿಸಿದರೆ, ಅದು ಕೊಟ್ಟವನ ಬ್ಯಾಂಕಿನಲ್ಲಿ, ಪಡೆದವನ ಬ್ಯಾಂಕಿನಲ್ಲಿ, ಆ್ಯಪಿನ ಕಂಪನಿಯಲ್ಲಿ, ಇವರೆಲ್ಲರ ನಡುವೆ ಕುಳಿತ ಪಾವತಿ ನಿಗಮದಲ್ಲಿ, ಹೀಗೆ ನಾಲ್ಕು ಕಡೆ ದಾಖಲಾಗುತ್ತದೆ. ಆ ಖಾತೆಗೆ ತಮ್ಮನು ಕಳಿಸಿದ ಹಣ, ಚೀಟಿಯ ಹಣ, ಮಗಳ ಮದುವೆಗೆ ತಂದ ಕೈಸಾಲ ಬಂದಿದ್ದರೆ ಯಂತ್ರಕ್ಕೆ ಎಲ್ಲವೂ ಒಂದೇ. ಅದು ವ್ಯಾಪಾರವಲ್ಲ ಎಂದು ನಾಲ್ಕು ವರ್ಷದ ನಂತರ ರುಜುವಾತು ಮಾಡುವ ಹೊರೆ ಅಂಗಡಿಯವನ ಮೇಲೆ. ಯಾರು ಯಾರಿಗೆ ಈ ಪುಸ್ತಕವನ್ನು ಕೊಟ್ಟರೆಂಬುದು ಅವನಿಗೆ ತಿಳಿದದ್ದು ನೋಟೀಸು ಬಂದ ಮೇಲೆ.

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಒಯ್ದವರು ನಮ್ಮ ರಾಜ್ಯದ ಒಬ್ಬ ವೃದ್ಧರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಆಧಾರಿಗೆ ಶಾಸನವೇ ಇರಲಿಲ್ಲ. ಶಾಸನ ಬಂದದ್ದು 2016ರಲ್ಲಿ. ಅನ್ನವೇ ಇಲ್ಲದ ಜನರಿಗೆ ಖಾಸಗಿತನದ ಹಕ್ಕೇಕೆ ಎಂಬ ಧಾಟಿಯ ವಾದ ಕೋರ್ಟಿನಲ್ಲಿಯೂ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ಜನ ನ್ಯಾಯಾಧೀಶರು ಅದನ್ನು ತಳ್ಳಿಹಾಕಿ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಇವರ ಹೆಸರು ಹೇಳಿಕೊಟ್ಟಿದ್ದಾರೋ!

ಮುಂದೆ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಬ್ಯಾಂಕು ಖಾತೆಗೂ ಸಿಮ್ ಕಾರ್ಡಿಗೂ ಆಧಾರ್ ಕಡ್ಡಾಯವಲ್ಲ ಎಂದರು. ಸರ್ಕಾರದ ಸಹಾಯ ಪಡೆಯುವವರಿಗೆ ಅದು ಉಳಿಯಿತು. ಅಂದರೆ ಪಡಿತರದ ಅಕ್ಕಿ ಬೇಕಾದವರ ಬೆರಳು ಯಂತ್ರದ ಮೇಲೆಯೇ ಇದೆ. ಕುದಿನೀರಿನಲ್ಲಿ ಕೈಯಾಡಿಸಿ, ಗೂಡಿನಿಂದ ನೂಲು ಬಿಚ್ಚಿ, ಬೆರಳ ತುದಿ ಸವೆದುಹೋದ ಶಿಡ್ಲಘಟ್ಟದ ಹೆಂಗಸಿನ ಗುರುತನ್ನು ಯಂತ್ರ ಒಪ್ಪದಿದ್ದರೆ, ಸೋತವಳು ಅವಳೇ ಹೊರತು ಯಂತ್ರವಲ್ಲ.

ಇನ್ನು ಗಿರಣಿಯ ಮಾತು. ನಾವು ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಹಾಜರಿ ಪುಸ್ತಕ ಇಟ್ಟವರು. ಅದರಲ್ಲಿ ಬಂದ, ಬರಲಿಲ್ಲ ಎಂಬೆರಡೇ ಗುರುತು. ಈಗಿನ ಯಂತ್ರಕ್ಕೆ ಅಷ್ಟು ಸಾಲದು. ಎಷ್ಟು ಹೊತ್ತಿಗೆ ಬಂದೆ, ಎಷ್ಟು ನಿಮಿಷ ಹೊರಗಿದ್ದೆ, ಯಾರ ಜೊತೆ ನಿಂತೆ ಎಂಬುದನ್ನೆಲ್ಲ ಬೆರಳಚ್ಚು, ಮುಖ, ಕ್ಯಾಮರಾಗಳಿಂದ ಕೂಡಿಸಿಡಬಹುದು. ಸಂಘದ ಮಾತಿಗೆ ಗೇಟಿನಲ್ಲಿ ನಿಂತವರ ಪಟ್ಟಿ ಮಾಡಲು ಹಿಂದೆ ಮಾಲೀಕರು ಒಬ್ಬ ಚಾಡಿಕೋರನನ್ನು ಸಾಕಬೇಕಿತ್ತು. ಈಗ ಆ ಸಂಬಳವೂ ಉಳಿತಾಯ.

ಯೂರೋಪಿನಲ್ಲಿ ಇದಕ್ಕೆ ಏನು ಮಾಡಿದರೆಂಬುದನ್ನು ಕೇಳಿ. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪನಿಯ ಒಂದು ಕಛೇರಿಯಿತ್ತು. ನಮ್ಮ ರಾಜ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿದ ಬಟ್ಟೆಯನ್ನೂ ಮಾರಿದ ಕಂಪನಿ ಅದು. ಅಲ್ಲಿ ರಜೆ ಮುಗಿಸಿ ಬಂದವರನ್ನು, ಕಾಯಿಲೆಯಿಂದ ಎದ್ದು ಬಂದವರನ್ನು ಮೇಲ್ವಿಚಾರಕರು ಪ್ರೀತಿಯಿಂದ ಕೂರಿಸಿಕೊಂಡು ಯೋಗಕ್ಷೇಮ ವಿಚಾರಿಸುತ್ತಿದ್ದರು. ಆಮೇಲೆ ಏನು ಕಾಯಿಲೆ, ಮನೆಯಲ್ಲಿ ಏನು ಜಗಳ, ಯಾವ ಧರ್ಮದ ನಂಬಿಕೆ ಎಂಬುದನ್ನೆಲ್ಲ ಬರೆದಿಡುತ್ತಿದ್ದರು. 50ರವರೆಗೆ ಮ್ಯಾನೇಜರುಗಳು ಅದನ್ನು ಓದಬಹುದಾಗಿತ್ತು. 2019ರ ಅಕ್ಟೋಬರಿನಲ್ಲಿ ಯಂತ್ರದ ಜೋಡಣೆ ತಪ್ಪಿ, ಕೆಲವು ಗಂಟೆ ಇಡೀ ಕಂಪನಿಗೇ ಆ ಪುಸ್ತಕ ಬಯಲಾಯಿತು. ಮರುವರ್ಷ ಹ್ಯಾಂಬರ್ಗಿನ ಮಾಹಿತಿ ರಕ್ಷಣಾ ಅಧಿಕಾರಿಯು ಮೂರೂವರೆ ಕೋಟಿ ಯೂರೋಗೂ ಹೆಚ್ಚು, ಅಂದಿನ ಲೆಕ್ಕದಲ್ಲಿ ಸುಮಾರು 300 ಕೋಟಿ ರೂಪಾಯಿ, ದಂಡ ಹಾಕಿದರು. ಕಂಪನಿಯು ಕ್ಷಮೆ ಕೇಳಿ ನೌಕರರಿಗೆ ಪರಿಹಾರ ಕೊಡಲು ಒಪ್ಪಿತು.

ಈ ಬಲ ಬಂದದ್ದು 2018ರ ಮೇ 25ರಿಂದ ಅಲ್ಲಿ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ಕಾಯಿದೆಯಿಂದ. ಅದರ ಪ್ರಕಾರ ಯಾವ ಕಾರ್ಮಿಕನಾದರೂ, ನನ್ನ ಬಗ್ಗೆ ಏನೇನು ಬರೆದಿಟ್ಟಿದ್ದೀರಿ, ನಕಲು ಕೊಡಿ ಎಂದು ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು. ಅದಕ್ಕೂ ಹಿಂದೆ ಚಳವಳಿಯಿದೆ. 1983ರಲ್ಲಿ ಪಶ್ಚಿಮ ಜರ್ಮನಿಯ ಜನಗಣತಿಯಲ್ಲಿ ಸರ್ಕಾರ ಅತಿಯಾಗಿ ಪ್ರಶ್ನೆ ಕೇಳುತ್ತದೆಂದು ಜನರು ಬಹಿಷ್ಕಾರಕ್ಕೆ ಎದ್ದರು. ಅದೇ ಡಿಸೆಂಬರ್ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯವು, ತನ್ನ ಮಾಹಿತಿಯ ಬಗ್ಗೆ ತೀರ್ಮಾನಿಸುವ ಹಕ್ಕು ಪ್ರಜೆಯದೇ ಎಂದಿತು. ಹಿಟ್ಲರನ ಕಾಲದ ಪಟ್ಟಿಗಳನ್ನು ಕಂಡ ಜನ ಅವರು.

ಹಾಗೆಂದು ಯೂರೋಪು ಸ್ವರ್ಗವಲ್ಲ. ಎಲ್ಲ ಪ್ರಜೆಗಳ ಫೋನು ಕರೆಗಳ ದಾಖಲೆಯನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಇಡಬೇಕೆಂದು 2006ರಲ್ಲಿ ನಿಯಮ ಮಾಡಿದವರೂ ಅವರೇ. ಐರ್ಲೆಂಡಿನ ಒಂದು ಸಂಸ್ಥೆಯೂ ಆಸ್ಟ್ರಿಯದ ಸಾವಿರಾರು ಪ್ರಜೆಗಳೂ ಕೋರ್ಟಿಗೆ ಹೋದದ್ದರಿಂದ 2014ರ ಏಪ್ರಿಲಿನಲ್ಲಿ ಅದು ರದ್ದಾಯಿತು. 2022ರ ಮೇ ತಿಂಗಳಲ್ಲಿ, ಮಕ್ಕಳ ರಕ್ಷಣೆಗಾಗಿ ಎಂದು ಹೇಳಿ, ಖಾಸಗಿ ಸಂದೇಶಗಳನ್ನೂ ಶೋಧಿಸಲು ದಾರಿ ಮಾಡುವ ಮಸೂದೆ ತಂದರು. ಅದರ ಮೇಲೆ ವರ್ಷಗಟ್ಟಲೆ ಜಗ್ಗಾಟ ನಡೆದಿದೆ.

ನಮ್ಮಲ್ಲಿ ಸರ್ಕಾರದ ಕಿವಿ ಹೊಸದೇನಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. ಕದ್ದಾಲಿಕೆಗೆ ಕಟ್ಟುಪಾಡು ಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಇಂದಿಗೂ ಆಜ್ಞೆ ಹೊರಡುವುದು ಗೃಹ ಕಾರ್ಯದರ್ಶಿಯ ಕಛೇರಿಯಿಂದ, ನ್ಯಾಯಾಧೀಶರಿಂದಲ್ಲ.

2023ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟೂ ಮಾಹಿತಿ ರಕ್ಷಣೆಯ ಕಾಯಿದೆ ಮಾಡಿದೆ. 250 ಕೋಟಿಯವರೆಗೆ ದಂಡವಿದೆ, ಅದು ಒಳ್ಳೆಯದೇ. ಆದರೆ ಅದರ 17ನೆಯ ಕಲಮಿನಂತೆ ಕೇಂದ್ರ ಸರ್ಕಾರವು ತನಗೆ ಬೇಕಾದ ಸರ್ಕಾರಿ ಅಂಗವನ್ನು, ದೇಶದ ಭದ್ರತೆಯೇ ಮೊದಲಾದ ಕಾರಣ ಹೇಳಿ, ಒಂದು ಅಧಿಸೂಚನೆಯಿಂದ ಹೊರಗಿಡಬಹುದು. ದಂಡ ಹಾಕುವ ಮಂಡಲಿಯನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. ಗಿರಣಿಯ ಬಂಧುಗಳು 7ನೆಯ ಕಲಮನ್ನು ಓದಬೇಕು. ಉದ್ಯೋಗದ ಉದ್ದೇಶಕ್ಕಾಗಿ, ಮಾಲೀಕನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದಕ್ಕಾಗಿ, ನೌಕರನ ಒಪ್ಪಿಗೆಯಿಲ್ಲದೆಯೇ ಅವನ ಮಾಹಿತಿಯನ್ನು ಬಳಸಬಹುದೆಂದು ಅಲ್ಲಿ ಬರೆದಿದೆ. ಮುಂದೆ 11ನೆಯ ಕಲಮಿನಲ್ಲಿ, ನನ್ನ ಮಾಹಿತಿ ತೋರಿಸಿ ಎಂದು ಕೇಳುವ ಹಕ್ಕನ್ನು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಇಟ್ಟಿದ್ದಾರೆ. ಎರಡನ್ನೂ ಕೂಡಿಸಿ ಓದಿ. ಒಪ್ಪಿಗೆಯನ್ನೇ ಕೇಳಿಸಿಕೊಳ್ಳದ ಕಾರ್ಮಿಕನಿಗೆ ಪುಸ್ತಕ ನೋಡುವ ಹಕ್ಕೂ ಇಲ್ಲ. ಜರ್ಮನಿಯ ಗುಮಾಸ್ತನು ಕಾಗದ ಬರೆದು ಪಡೆಯುವುದನ್ನು ಇಲ್ಲಿಯ ನೇಕಾರನು ಕೇಳಲಾರ.

ಈ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಟಿವೆ. ಮುಖ್ಯ ಕಲಮುಗಳಿಗೆ ಹದಿನೆಂಟು ತಿಂಗಳ ಅವಧಿ, ಅಂದರೆ 2027ರ ಮೇ ತಿಂಗಳವರೆಗೆ. ಕಾನೂನು ಕೊಡದ್ದನ್ನು ಸಂಘವು ಒಪ್ಪಂದದಲ್ಲಿ ಬರೆಸಬಹುದು. ಯಂತ್ರ ಕೂರಿಸುವ ಮೊದಲು ಆಡಳಿತದವರು ಏನನ್ನು ದಾಖಲಿಸುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು ಗೇಟಿನಲ್ಲಿ ಅಂಟಿಸಬೇಕು. ಕಾರ್ಮಿಕನು ಕೇಳಿದಾಗ ಅವನ ಪುಟವನ್ನು ತೋರಿಸಬೇಕು. ಸಂಬಳ ಕಡಿತಕ್ಕೆ ಯಂತ್ರದ ಲೆಕ್ಕವೊಂದೇ ಆಧಾರವಾಗಬಾರದು. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲಿ ಇದೂ ಇರಲಿ. ವ್ಯಾಪಾರಿ ಮಿತ್ರರು ಅಂಗಡಿಯ ಕ್ಯೂಆರ್ ಚೀಟಿಗೆ ಒಂದು ಖಾತೆ, ಮನೆಯ ವ್ಯವಹಾರಕ್ಕೆ ಇನ್ನೊಂದು ಖಾತೆ ಇಟ್ಟುಕೊಳ್ಳಿ, ಕೈಸಾಲಕ್ಕೆ ಚೀಟಿ ಬರೆಸಿಕೊಳ್ಳಿ. ನೋಟೀಸು ಬಂದವರು ಅದನ್ನು ಮುಚ್ಚಿಡದೆ ವರ್ತಕರ ಸಂಘಕ್ಕೆ ತನ್ನಿ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದವರ ನೋಟೀಸುಗಳೂ ಒಂದೆಡೆ ಸೇರಿದರೆ, ಉತ್ತರವನ್ನು ಒಂದೇ ಬಾರಿಗೆ ಕೂತು ಬರೆಯಬಹುದು.