ಅಮಾವಾಸ್ಯೆ ರಾತ್ರಿಯ ಬೆಳದಿಂಗಳು: ಟಾರ್ಚು, ಪಣತಿ ಮತ್ತು ಒಂದು ಮಣ್ಣಿನ ಕಿಲ್ಲಾ

ಅನಗೋಳದಿಂದ ಮಾತಾಡ್ತಾ ಇದ್ದೀನಿ. ನಡುನಡುವೆ ನಾಯಿ ಬೊಗಳೋದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ನನ್ನ ಸ್ಟುಡಿಯೋ ಅಂದ್ರೆ ಅಟ್ಟದ ಮೇಲಿನ ಕೋಣೆ.

ಬೆಳಗಾವಿಯವರಿಗೆ ಇದನ್ನ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ನಮ್ಮಲ್ಲಿ ದೀಪಾವಳಿ ಬಂತಂದ್ರೆ ಓಣಿ ಹುಡುಗರು ಮಣ್ಣಿನ ಕಿಲ್ಲಾ ಕಟ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಕೆಸರು ಬಳಿದು ಬುರುಜು, ದರವಾಜಾ, ಮೆಟ್ಟಿಲು ಎಲ್ಲಾ ಮಾಡೋದು. ಸಾಸಿವೆ ಚೆಲ್ಲಿದ್ರೆ ನಾಲ್ಕು ದಿನಕ್ಕೆ ಹಸಿರು ಗುಡ್ಡ ರೆಡಿ. ಪ್ಯಾಟಿಯಿಂದ ಶಿವಾಜಿ ಮಹಾರಾಜರನ್ನ, ಮಾವಳೆ ಸೈನಿಕರನ್ನ ತಂದು ನಿಲ್ಲಿಸ್ತಾರೆ. ಹೆಚ್ಚಿನವರು ರಾಯಗಡ, ಪ್ರತಾಪಗಡ ಕಟ್ಟಿದ್ರೆ, ನಮ್ಮ ಪಕ್ಕದ ಮನೆ ಹುಡುಗ ಮಾತ್ರ ಪ್ರತಿ ವರ್ಷ ರಾಜಹಂಸಗಡನೇ ಕಟ್ತಾನೆ. ಯಳ್ಳೂರ ಹತ್ತಿರ, ಸೈಕಲ್ ಮೇಲೆ ಹೋಗಿ ನೋಡಿ ಬಂದು ಕಟ್ಟಬಹುದು ಅನ್ನೋದು ಅವನ ಲೆಕ್ಕ.

ಹೋದ ವರ್ಷ ಅವನ ಕಿಲ್ಲಾದ ಫೋಟೋ ನಾನೇ ತೆಗೆದಿದ್ದೆ. ರಾತ್ರಿ, ಫೋನು, ಫ್ಲ್ಯಾಶು. ನೋಡಿದವನೇ, "ಅಣ್ಣಾ, ಇದು ಮಣ್ಣಿನ ಗುಡ್ಡಿ ಕಂಡಂಗ ಕಾಣಸ್ತೈತಿ" ಅಂದ. ಖರೇನೇ. ಲೆನ್ಸ್ ಪಕ್ಕದಿಂದಲೇ ಬೆಳಕು ಬಿದ್ರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತೆ. ನೆರಳಿಲ್ಲದಿದ್ರೆ ಎತ್ತರ, ಆಳ ಯಾವುದೂ ತಿಳಿಯಲ್ಲ.

ಈ ವರ್ಷ ಅವನು ಕಿಲ್ಲಾ ಕಟ್ಟೋ ಖಾಲಿ ಜಾಗ ಮಾರಾಟ ಆಗಿತ್ತು. ಹಬ್ಬ ಮುಗಿದ ಮೇಲೆ ಪಾಯಾ ತೆಗೀತಾರೆ ಅಂತ ಓಣಿಗೆಲ್ಲ ಗೊತ್ತಿತ್ತು. ಅಲ್ಲಿಗೆ ಇದು ಕೊನೇ ಕಿಲ್ಲಾ. "ಈ ಸಲ ಚಂದ ತಗಿ, ಅಣ್ಣಾ" ಅಂದ. ಹೂಂ ಅಂದುಬಿಟ್ಟೆ. ಆಮೇಲೆ ಹೆದರಿಕೆ ಆಯ್ತು. ನನ್ನ ಹತ್ತಿರ ಸಾಫ್ಟ್‌ಬಾಕ್ಸ್ ಇಲ್ಲ, ಸ್ಟುಡಿಯೋ ಲೈಟ್ ಇಲ್ಲ, ಇರೋದು ಬಿ.ಕಾಂ ಡಿಗ್ರಿ ಒಂದೇ.

ಮೊದಲ ಪ್ರಯೋಗ ಪೂರ್ತಿ ನನ್ನ ಶಾಣ್ಯಾತನ. ಬುರುಜಿನ ಹಿಂದೆ ಸುರುಸುರುಬತ್ತಿ ಹಚ್ಚಿಟ್ಟರೆ ಯುದ್ಧದ ಕಿಡಿ ಥರ ಕಾಣುತ್ತೆ ಅನ್ಕೊಂಡೆ. ಹಿಂಭಾಗದಲ್ಲಿ ಮಣ್ಣು ಬಳಿಯದ ಗೋಣಿಚೀಲ ಹಾಗೇ ಇತ್ತು, ಒಣಗಿತ್ತು. ಕಿಡಿ ಬಿತ್ತು, ಹೊಗೆ ಎದ್ದಿತು. ಹುಡುಗ ಓಡಿ ಹೋಗಿ ಕೊಡ ನೀರು ತಂದು ಸುರಿದ. ಬೆಂಕಿ ಆರಿತು, ಜೊತೆಗೆ ಎಡಗಡೆ ಬುರುಜು ಕರಗಿ ಕೆಳಗೆ ಕೂತಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಪಾಡಿತ್ತು. ರಾತ್ರಿ ಒಂಬತ್ತೂವರೆಗೆ ಇಬ್ಬರೂ ಕೂತು ಮತ್ತೆ ಮಣ್ಣು ಕಲಸಿದ್ವಿ. ಪಟಾಕಿ ಬೆಳಕಲ್ಲಿ ಫೋಟೋ ತೆಗೀಬೇಕಂತ ಯಾರಿಗಾದ್ರೂ ಅನಿಸಿದ್ರೆ, ದಯವಿಟ್ಟು ಬ್ಯಾಡ್ರಿ.

ಮಣ್ಣು ಕಲಸ್ತಾ ಕಲಸ್ತಾ ತಲೆ ಓಡಿತು. ಆಕಾಶದಲ್ಲಿ ಸೂರ್ಯ ಆಗಲಿ, ಚಂದ್ರ ಆಗಲಿ, ನಮ್ಮ ಕಣ್ಣಿಗೆ ಕಾಣೋದು ಸುಮಾರು ಅರ್ಧ ಡಿಗ್ರಿ ಅಗಲ. ಫೋನ್ ಟಾರ್ಚಿನ ಬೆಳಕಿನ ಚುಕ್ಕೆ 5 ಮಿಲಿಮೀಟರ್ ಅಂತ ಇಟ್ಕೊಂಡ್ರೆ, 57 ಸೆಂಟಿಮೀಟರ್ ದೂರದಲ್ಲಿ ಅದೂ ಅರ್ಧ ಡಿಗ್ರಿನೇ. ಅಂದ್ರೆ ಕಿಲ್ಲಾದ ಮಟ್ಟಿಗೆ ನಿಮ್ಮ ಜೇಬಲ್ಲೇ ಚಂದ್ರ ಇದ್ದಾನೆ. (ದೀಪಾವಳಿ ಅಮಾವಾಸ್ಯೆಗೆ ಚಂದ್ರ ಎಲ್ಲಿಂದ ಬಂದ ಅಂತ ಕೇಳಬೇಡಿ.)

ಆದ್ರೆ ಒಂದು ತೊಂದರೆ. ದೂರ ಎರಡು ಪಟ್ಟಾದ್ರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತೆ, ಚಕ್ರಬಡ್ಡಿಗಿಂತ ಕೆಟ್ಟ ಲೆಕ್ಕ. ನಮ್ಮ ಕಿಲ್ಲಾ ನಾಲ್ಕು ಅಡಿ ಉದ್ದ. 57 ಸೆಂಟಿಮೀಟರಿನಲ್ಲಿ ಟಾರ್ಚ್ ಹಿಡಿದ್ರೆ ಈ ತುದಿಗೆ ಬಿದ್ದ ಬೆಳಕಿನ ಹತ್ತನೇ ಒಂದು ಪಾಲಷ್ಟೇ ಆ ತುದಿಗೆ. ನಿಜವಾದ ಚಂದ್ರ ಹಂಗ ಮಾಡಲ್ಲ, ಅವನು ಬಹಳ ದೂರ ಇದ್ದಾನೆ. ಅದಕ್ಕೆ ಹಳೇ ಫೋನಿನ ಟಾರ್ಚನ್ನ ಎರಡು ಮೀಟರ್ ದೂರದ ಕಾಂಪೌಂಡ್ ಗೋಡೆ ಮೇಲೆ, ಒಂದು ಬದಿಯಿಂದ ಬೀಳೋ ಹಾಗೆ ಇಟ್ಟೆ. ವ್ಯತ್ಯಾಸ ಎರಡೂವರೆ ಪಟ್ಟಿಗೆ ಇಳಿಯಿತು. ಬೆಳಕು ಕಡಿಮೆ ಆಯ್ತು, ಆಗಲಿ ಬಿಡಿ. ಪ್ರೋ ಮೋಡಲ್ಲಿ ಐಎಸ್‌ಒ 100, ಶಟರ್ 1 ಸೆಕೆಂಡ್, ಫೋನ್ ಅಲುಗಾಡದಂತೆ ಇಟ್ಟಿಗೆಗೆ ಆನಿಸಿ, ಟೈಮರ್ ಹಾಕಿದ್ರಾಯ್ತು.

1975ರ 'ಬ್ಯಾರಿ ಲಿಂಡನ್' ಸಿನಿಮಾದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿ ಬೆಳಕಲ್ಲೇ ದೃಶ್ಯ ಚಿತ್ರಿಸೋಕೆ ನಾಸಾಗಾಗಿ ಝೈಸ್ ಮಾಡಿದ್ದ ಎಫ್ 0.7 ಲೆನ್ಸ್ ಬಳಸಿದ್ದ. ಮನುಷ್ಯರು ಅಲುಗಾಡ್ತಾರೆ, ಅದಕ್ಕೆ ಅಂಥಾ ಲೆನ್ಸ್ ಬೇಕಾಯ್ತು. ನಮ್ಮ ಮಾವಳೆಗಳು ಒಂದು ತಾಸು ನಿಂತರೂ ಚಹಾ ಕೇಳಲ್ಲ.

ದರವಾಜಾದ ಹಿಂದೆ, ಇಟ್ಟಿಗೆ ಸಂದಿಯಲ್ಲಿ (ಗೋಣಿಚೀಲದಿಂದ ದೂರ, ಈ ಸಲ ಬುದ್ಧಿ ಇತ್ತು) ಒಂದು ಪಣತಿ. ಎಣ್ಣೆ ದೀಪದ ಬೆಳಕು ಸುಮಾರು 1,900 ಕೆಲ್ವಿನ್, ಕೆಂಪು ಹಳದಿ. ಫೋನಿನ ಎಲ್‌ಇಡಿ ಬಿಳುಪು. ಆಟೋದಲ್ಲಿ ಬಿಟ್ಟರೆ ಫೋನ್ ಎರಡನ್ನೂ ಸರಿ ಮಾಡೋಕೆ ಹೋಗಿ ಎರಡನ್ನೂ ಕೆಡಿಸುತ್ತೆ. ವೈಟ್ ಬ್ಯಾಲೆನ್ಸ್ 4,000ಕ್ಕೆ ನಿಲ್ಲಿಸಿದೆ. ಟಾರ್ಚ್ ನೀಲಿ ಬೆಳದಿಂಗಳಾಯ್ತು, ಪಣತಿ ದರವಾಜಾದೊಳಗಿನ ದೀವಟಿಗೆ ಆಯ್ತು. ನೆರಳು ತೀರಾ ಕಪ್ಪಾದ ಕಡೆ ಅವ್ವನ ಸ್ಟೀಲ್ ತಾಟು ಆನಿಸಿಟ್ಟೆ, ಸ್ವಲ್ಪ ಬೆಳಕು ವಾಪಸ್ ಬಂತು. ಊದಿನಕಡ್ಡಿ ಹೊಗೆ ಅಂತೂ ಗುಡ್ಡದ ಮಂಜೇ.

ಇನ್ನೊಂದು, ಬೆಳಕಿಗೆ ಸಂಬಂಧ ಇಲ್ಲದ್ದು: ಫೋನನ್ನ ತಲೆಕೆಳಗು ಮಾಡಿ ಹಿಡೀರಿ. ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತೆ, ಮಾವಳೆಯ ಕಣ್ಣಿನ ಎತ್ತರದಿಂದ ಕಿಲ್ಲಾ ಕಾಣುತ್ತೆ. ನಿಂತು ಮೇಲಿನಿಂದ ತೆಗೆದ್ರೆ ಎಂಥಾ ಬೆಳಕಿದ್ದರೂ ಅದು ಆಟಿಕೆಯೇ.

ಹನ್ನೊಂದು ಗಂಟೆಗೆ ಹುಡುಗನ ಕೈಗೆ ಫೋನ್ ಕೊಟ್ಟೆ. ಎರಡು ಬೆರಳಿಂದ ದೊಡ್ಡದು ಮಾಡಿ ಮಾಡಿ ಬಹಳ ಹೊತ್ತು ನೋಡಿದ. ಬದಿಯಿಂದ ಬಿದ್ದ ಬೆಳಕಿಗೆ ಹೊಸ ಬುರುಜಿನ ಹಸಿ ಮಣ್ಣು ಎದ್ದು ಕಾಣ್ತಿತ್ತು.

"ಅಣ್ಣಾ, ಇಲ್ಲಿ ನನ್ನ ಬಟ್ಟಿನ ಗುರ್ತು ಕಾಣಸ್ತಾವ."

"ಎಡಿಟ್ ಮಾಡಿ ತಗೀಲೇನು?"

"ಬ್ಯಾಡ, ಇರ್ಲಿ. ಅದರ ಬಾಜೂಕ ಇರೋವು ನಿನ್ನವು."

ಮುಂದಿನ ಸೋಮವಾರ ಜೆಸಿಬಿ ಬಂತು. ಮಾವಳೆಗಳನ್ನೆಲ್ಲ ಅವನು ಹಿಂದಿನ ದಿನಾನೇ ಬಿಸ್ಕಿಟ್ ಡಬ್ಬಿಗೆ ಹಾಕಿಟ್ಟಿದ್ದ. ಈಗ ನಮ್ಮ ಮನೆ ಮಾಳಿಗೆ ಅಳತೆ ಮಾಡ್ತಾ ಇದ್ದಾನೆ. ಅಷ್ಟು ಮಣ್ಣಿನ ಭಾರ ತಡೀತೈತೇನು ಅಂತ ಅಪ್ಪನ್ನ ಇನ್ನೂ ಕೇಳಿಲ್ಲ.