ಹೈಸ್ಕೂಲಿನ ಮಕ್ಕಳಿಗೆ ಲೋಕದ ಕಾದಂಬರಿಗಳು



ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳಕ್ಕೆ ಅನತಿದೂರದಲ್ಲಿ, ಆರ್. ಟಿ. ನಗರವೆಂಬ ಬಡಾವಣೆಯುಂಟು. ಆ ಎರಡಕ್ಷರಗಳು ರವೀಂದ್ರನಾಥ ಠಾಕೂರರ ಹೆಸರಿನವು ಎಂಬುದು ಅಲ್ಲಿ ನೆಲಸಿರುವವರಲ್ಲಿಯೇ ಎಷ್ಟು ಮಂದಿಯ ನೆನಪಿನಲ್ಲಿದೆಯೋ ಹೇಳಲಾರೆ. 1928ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಯಾಗಿ ಬೆಂಗಳೂರಿನಲ್ಲಿ ತಂಗಿದ್ದಾಗ, ಆ ಕವಿಗಳು ‘ಶೇಷೇರ್ ಕವಿತಾ’ ಎಂಬ ಕಾದಂಬರಿಯನ್ನು ಮುಗಿಸಿದರು. ಲೋಕಸಾಹಿತ್ಯವೆಂದರೆ ಹಡಗನ್ನೇರಿ ಹೋಗಬೇಕಾದ ದೂರದೇಶವೆಂದು ಭಾವಿಸುವ ನಮಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಆ ಬಡಾವಣೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನಾಗಿ ಓದಲು ಒಂದು ಕಾದಂಬರಿಯನ್ನು ಕೇಳಿದರೆ, ಇದನ್ನೇ ಕೊಡೋಣವೇ? ಕೂಡದೆಂದು ನನ್ನ ಅಭಿಪ್ರಾಯ. ಅದು ಪ್ರಾಯಕ್ಕೆ ಬಂದವರ ಪ್ರೇಮವನ್ನೂ ಕಾವ್ಯವನ್ನು ಕುರಿತ ವಾದವನ್ನೂ ಹೆಣೆದ ಕೃತಿ. ಅದರ ವಿನೋದದ ಬಹುಭಾಗವು ರವೀಂದ್ರರ ಕವಿತೆಯನ್ನು ಮೊದಲೇ ಬಲ್ಲವರಿಗೆ ಮೀಸಲು. ಊರಿನ ಅಭಿಮಾನ ಬೇರೆ, ಓದುವವಳ ಹಸಿವು ಬೇರೆ.

ಉಪಾಧ್ಯಾಯರು ತರಗತಿಯಲ್ಲಿ ಪಾಠ ಹೇಳುವ ಪುಸ್ತಕ ಒಂದು ಬಗೆ. ಮಗು ಮನೆಗೆ ಕೊಂಡೊಯ್ದು ತಾನೇ ಓದಿಕೊಳ್ಳುವ ಪುಸ್ತಕ ಮತ್ತೊಂದು ಬಗೆ. ಮೊದಲನೆಯದು ಕಠಿನವಾಗಿದ್ದರೂ ಚಿಂತೆಯಿಲ್ಲ, ಕೈಹಿಡಿದು ದಾಟಿಸುವವರಿದ್ದಾರೆ. ಎರಡನೆಯದರಲ್ಲಿ ಮಗುವನ್ನು ಮುಂದಕ್ಕೆಳೆಯುವುದು ಕಥೆಯೊಂದೇ. ಈ ಭೇದವನ್ನು ಮರೆತು ಗ್ರಂಥಕರ್ತರ ಕೀರ್ತಿಯಿಂದಲೇ ಪಟ್ಟಿ ಮಾಡುವುದರಿಂದ ಮಹಾಕೃತಿಗಳು ಶಾಲೆಯ ಬೀರುವಿನಲ್ಲಿ ಹೊಸದಾಗಿಯೇ ಉಳಿಯುತ್ತವೆ. ಟಾಲ್‌ಸ್ಟಾಯ್ ಮಹಾಶಯನ ‘ಯುದ್ಧ ಮತ್ತು ಶಾಂತಿ’ಯನ್ನು ಓ. ಎಲ್. ನಾಗಭೂಷಣಸ್ವಾಮಿಯವರು ಕನ್ನಡಕ್ಕೆ ತಂದಿದ್ದಾರೆ. ಅದು ಬೀರುವಿನಲ್ಲಿ ಕಣ್ಣಿಗೆ ಬೀಳುವಂತೆ ಇರಲಿ. ಆದರೆ ಮೊದಲ ಪುಸ್ತಕವಾಗಿ ಅದನ್ನು ಹೊರಿಸುವುದು ಬೇಡ.

ಭಾಷೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಯಲಹಂಕದಲ್ಲಾಗಲಿ ಯಶವಂತಪುರದಲ್ಲಾಗಲಿ ಒಂದು ತರಗತಿಯನ್ನು ಹೊಕ್ಕು ನೋಡಿದರೆ, ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮಾತನಾಡುವ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ತಂದೆತಾಯಿಗಳ ಆಸೆ ಮಾತ್ರ ಒಂದೇ: ಕಾದಂಬರಿಯ ನೆಪದಿಂದಲಾದರೂ ಇಂಗ್ಲಿಷ್ ಸುಧಾರಿಸಲಿ ಎಂಬುದು. ಈ ಆಸೆಯನ್ನು ನಾನು ಹಳಿಯುವುದಿಲ್ಲ; ಆ ಭಾಷೆಯಿಂದ ಅನ್ನ ದೊರೆಯುವುದನ್ನು ಅವರು ಕಂಡಿದ್ದಾರೆ. ಆದರೆ ಸಾಲಿಗೆ ಮೂರು ಸಲ ನಿಘಂಟನ್ನು ತೆರೆಯಬೇಕಾದ ಮಗು ಹತ್ತನೆಯ ಪುಟದಲ್ಲಿ ನಿಲ್ಲುತ್ತದೆ. ಕಾದಂಬರಿಯೆಂಬುದು ತನ್ನಂಥವರಿಗಲ್ಲವೆಂದು ನಿಶ್ಚಯಿಸಿಬಿಡುತ್ತದೆ. ಆ ನಿಶ್ಚಯ ಮುಂದೆ ಬದಲಾಗುವುದು ಅಪೂರ್ವ. ಎಡವದೆ ಓದಬಲ್ಲ ಭಾಷೆ ಯಾವುದೋ ಆ ಭಾಷೆಯಲ್ಲಿಯೇ ಮಗು ಲೋಕವನ್ನು ನೋಡಲಿ. ಭಾಷಾಂತರವೆಂದರೆ ಎರಡನೆಯ ದರ್ಜೆಯ ಓದು ಎಂಬ ತಾತ್ಸಾರ ನಮಗೆ ಒಪ್ಪುವುದಲ್ಲ. ಕನ್ನಡದಲ್ಲಿ ಕಾದಂಬರಿಯ ರುಚಿಯನ್ನು ಹಚ್ಚಿದವರಾರು? ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದ ಬಿ. ವೆಂಕಟಾಚಾರ್ಯರು, ಹರಿ ನಾರಾಯಣ ಆಪ್ಟೆಯವರನ್ನು ಮರಾಠಿಯಿಂದ ತಂದ ಗಳಗನಾಥರು. ಅವರ ಪುಸ್ತಕಗಳನ್ನು ಹಿಡಿದ ಬಹುಮಂದಿ ಪರೀಕ್ಷೆಗಾಗಿ ಓದಲಿಲ್ಲ, ಮುಂದೇನಾಯಿತೆಂದು ತಿಳಿಯುವ ಆತುರದಿಂದ ಓದಿದರು.

ಇನ್ನು ಪುಸ್ತಕಗಳ ಮಾತು. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’, 1929ರ ಗ್ರಂಥ. ಯಲಹಂಕದಲ್ಲಿ ರೈಲಿನ ಗಾಲಿ ಅಚ್ಚುಗಳನ್ನು ತಯಾರಿಸುವ ಕಾರ್ಖಾನೆ 1984ರಿಂದ ನಡೆಯುತ್ತಿದೆ. ಯಶವಂತಪುರದ ಮಕ್ಕಳಿಗೆ ರೈಲಿನ ಕೂಗು ನಿದ್ರೆಯಲ್ಲಿಯೂ ಕೇಳಿಸುತ್ತದೆ. ಇಂಥ ಮಗು ಈ ಕಾದಂಬರಿಯಲ್ಲಿ, ರೈಲನ್ನು ನೋಡಬೇಕೆಂದು ಹಂಬಲಿಸುವ ದುರ್ಗಾ ಎಂಬ ಹುಡುಗಿಯನ್ನು ಕಾಣುತ್ತದೆ. ಸತ್ಯಜಿತ್ ರಾಯರ 1955ರ ಚಿತ್ರದಲ್ಲಿ ಅಕ್ಕತಮ್ಮಂದಿರು ಹೊಲವನ್ನು ದಾಟಿ ಓಡಿಹೋಗುವಾಗ ರೈಲು ಹಾದುಹೋಗುತ್ತದೆ. ಗ್ರಂಥಕರ್ತರು ಅಷ್ಟು ದಯೆ ತೋರಲಿಲ್ಲ. ಪುಸ್ತಕದ ದುರ್ಗಾ ಜ್ವರದಲ್ಲಿ ಮಲಗಿ, ಗುಣವಾದ ಮೇಲೆ ತನಗೆ ರೈಲನ್ನು ತೋರಿಸುವೆಯಾ ಎಂದು ತಮ್ಮನನ್ನು ಕೇಳುತ್ತಾಳೆ, ನೋಡದೆಯೇ ತೀರಿಕೊಳ್ಳುತ್ತಾಳೆ. ಇಷ್ಟು ದುಃಖ ಮಕ್ಕಳಿಗೆ ಸಲ್ಲದೆನ್ನುವ ಹಿರಿಯರುಂಟು. ಆದರೆ ಮಕ್ಕಳು ದುಃಖವನ್ನು ಅರಿಯದವರೆಂದು ಯಾರು ಹೇಳಿದರು? ಮೇಸ್ತ್ರಿಯ ಹಿಂದೆ ಊರೂರು ಅಲೆದು, ಹೆಬ್ಬಾಳದ ಕಡೆಯ ಕಟ್ಟಡಗಳ ಕೆಲಸಕ್ಕೆ ಬಂದವರ ಮಕ್ಕಳೂ ಈ ಶಾಲೆಗಳಲ್ಲಿದ್ದಾರೆ. ಊರು ಬಿಟ್ಟು ಹೊರಡುವ ಅಪ್ಪುವಿನ ಸಂಕಟವನ್ನು ಅವರಿಗೆ ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ.

ಸಾಹಸವನ್ನು ಬಯಸುವವರಿಗೆ ಜೂಲ್ ವರ್ನನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ ಇದೆ. ಬೊಂಬಾಯಿಯಿಂದ ಹೊರಟ ರೈಲು, ಹಳಿ ಮುಗಿಯಿತೆಂದು ನಡುವೆ ನಿಂತುಬಿಡುತ್ತದೆ; ನಾಯಕನು ಅಲಹಾಬಾದಿಗೆ ಹೋಗಲು ಎರಡು ಸಾವಿರ ಪೌಂಡು ತೆತ್ತು ಆನೆಯನ್ನು ಕೊಳ್ಳುತ್ತಾನೆ. ವರ್ನನು ಹಿಂದೂಸ್ಥಾನವನ್ನು ಕಣ್ಣಾರೆ ಕಂಡವನಲ್ಲ. ಪಾರಸಿ ಕನ್ಯೆಯೊಬ್ಬಳನ್ನು ಬುಂದೇಲಖಂಡದ ರಾಜನಿಗೆ ಮದುವೆ ಮಾಡಿಸಿ, ಅವಳನ್ನು ಸತಿಯ ಚಿತೆಗೆ ಏರಿಸಲು ಕರೆತರುತ್ತಾನೆ! ನಮ್ಮ ಹುಡುಗರು ಇಲ್ಲಿ ನಗಲಿ. ಅಚ್ಚಾದುದೆಲ್ಲವೂ ನಿಜವಲ್ಲವೆಂಬ ತಿಳಿವಳಿಕೆ ಹೀಗೆ ನಗುತ್ತ ಬಂದರೆ ಒಳ್ಳೆಯದು.

‘ರಾಬಿನ್‌ಸನ್ ಕ್ರೂಸೋ’ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 1719ರ ಈ ಗ್ರಂಥವನ್ನು ಮಕ್ಕಳು ಸಾಮಾನ್ಯವಾಗಿ ಸಂಗ್ರಹರೂಪದಲ್ಲಿಯೇ ಓದುವುದು. ಕ್ರೂಸೋನ ಹಡಗು ಒಡೆದದ್ದು ಗುಲಾಮರನ್ನು ತರಲು ಹೊರಟ ಪ್ರಯಾಣದಲ್ಲಿ. ತನ್ನೊಡನೆ ಸೆರೆಯಿಂದ ಪಾರಾದ ಹುಡುಗನನ್ನೇ ಅವನು ಒಬ್ಬ ಕಪ್ತಾನನಿಗೆ ಮಾರಿದ್ದವನು. ಸಂಗ್ರಹಕಾರರು ಇಂಥ ಭಾಗಗಳನ್ನು ಬಿಟ್ಟರೆ ದ್ವೀಪ, ಮೇಕೆ, ಕೊಡೆಗಳಷ್ಟೇ ಉಳಿಯುತ್ತವೆ. ಪುಟಗಳನ್ನು ಕಡಿಮೆ ಮಾಡುವುದನ್ನು ಸಹಿಸಬಹುದು. ಮನುಷ್ಯನ ಸ್ವಭಾವವನ್ನೇ ತೊಳೆದು ಬಿಳುಪಾಗಿಸುವುದನ್ನು ಸಹಿಸಲಾಗದು. ಪೂರ್ಣಗ್ರಂಥವನ್ನು ಓದಿದವರಿಗೆ, ಹತ್ತನೆಯ ತರಗತಿಯ ಹೊತ್ತಿಗೆ, ಚಿನುವ ಅಚೆಬೆಯವರು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕೊಡಬೇಕು. ಕ್ರೂಸೋನಂಥವರು ಬಂದಿಳಿದ ಖಂಡದಲ್ಲಿಯೂ ನ್ಯಾಯ, ಹಬ್ಬ, ಗಾದೆ, ಕ್ರೌರ್ಯಗಳೆಲ್ಲ ಮೊದಲೇ ಇದ್ದುವೆಂದು ಅದು ತೋರಿಸುತ್ತದೆ. ಅದರಲ್ಲಿ ತಂದೆಯಂತೆ ಸಾಕಿದವನ ಕತ್ತಿಯಿಂದಲೇ ಬಾಲಕನೊಬ್ಬ ಸಾಯುವ ಪ್ರಸಂಗವಿದೆ. ಆದುದರಿಂದ ಈ ಪುಸ್ತಕವನ್ನು ಕೊಡುವ ಉಪಾಧ್ಯಾಯರು ತಾವು ಮೊದಲು ಓದಿರಬೇಕು. ಮಗು ಬಂದು ಕೇಳಿದಾಗ ಮಾತನಾಡಲು ಸಿದ್ಧರಾಗಿರಬೇಕು.

ಕೊನೆಯದಾಗಿ, ಕೊಡುವ ಕ್ರಮ. ಒಂದೇ ಪುಸ್ತಕವನ್ನು ತರಗತಿಗೆಲ್ಲ ವಿಧಿಸದೆ, ನಾಲ್ಕೈದನ್ನು ಮೇಜಿನ ಮೇಲಿಟ್ಟು ಮಕ್ಕಳೇ ತಿರುವಿ ನೋಡಲು ಒಂದು ಗಂಟೆ ಬಿಡಬೇಕು. ಮೂವತ್ತು ಪುಟ ಓದಿಯೂ ಹಿಡಿಸದಿದ್ದರೆ ಹಿಂದಿರುಗಿಸಿ ಬೇರೊಂದನ್ನು ಒಯ್ಯಲು ಅಪ್ಪಣೆಯಿರಬೇಕು. ಸಾರಾಂಶ ಬರೆಯಿಸುವುದು, ಅಂಕ ಹಾಕುವುದು ಬೇಡವೇ ಬೇಡ, ಎಸ್. ಎಸ್. ಎಲ್. ಸಿ. ಪರೀಕ್ಷೆ ಆ ಕೆಲಸವನ್ನು ಸಾಕಷ್ಟು ಮಾಡುತ್ತಿದೆ. ಶಾಲೆಯ ಬೀರುವಿನಲ್ಲಿ ಇಲ್ಲದ ಪುಸ್ತಕಕ್ಕಾಗಿ ಬಡಾವಣೆಯ ಸಾರ್ವಜನಿಕ ಪುಸ್ತಕಾಲಯವನ್ನು ಕೇಳೋಣ. ಅದಕ್ಕೆಂದು ನಾವೆಲ್ಲರೂ ಮನೆಯ ಕಂದಾಯದೊಡನೆ ಕರ ತೆರುತ್ತಿದ್ದೇವೆ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮಕ್ಕಳೊಡನೆ ಅಲ್ಲಿಗೆ ಹೋಗಬಹುದು.